ಸಂಶೋಧಕನ ಟಿಪ್ಪಣಿಗಳಿಗೆ ಸ್ವಂತದ್ದೊಂದು ಜಾಲತಾಣ

ಕನ್ನಡ ಸಂಶೋಧನೆಯ ಇತಿಹಾಸವನ್ನು ಬರೆಯುವವರು ಪ್ರಕಟವಾದ ಗ್ರಂಥಗಳನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ಅವುಗಳ ಹಿಂದಿದ್ದ ಟಿಪ್ಪಣಿಗಳ ಗತಿಯೇನಾಯಿತೆಂದು ಕೇಳುವುದು ವಿರಳ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಪೂರ್ಣಗೊಂಡಿತು. ದಶಕಗಳ ಕಾಲ ಹಲವರು ಬರೆದಿಟ್ಟ ಚೀಟಿಗಳೇ ಅದರ ಅಡಿಗಲ್ಲು. ಬೆನ್ನಿಗೊಂದು ಸಂಸ್ಥೆಯಿದ್ದುದರಿಂದ ಆ ಚೀಟಿಗಳಿಗೆ ಒಂದು ಕ್ರಮವೂ ಒಂದು ನೆಲೆಯೂ ದೊರೆತವು. ಒಬ್ಬಂಟಿಯಾಗಿ ದುಡಿಯುವ ಕಾಲೇಜು ಅಧ್ಯಾಪಕನ ಚೀಟಿಗಳಿಗೆ ಅಂತಹ ಆಸರೆಯಿಲ್ಲ. ಮಹಾಪ್ರಬಂಧ ಒಪ್ಪಿಸಿದೊಡನೆ ಅವು ರಟ್ಟಿನ ಪೆಟ್ಟಿಗೆಯನ್ನು ಸೇರುತ್ತವೆ. ಮನೆ ಬದಲಿಸುವ ಗಡಿಬಿಡಿಯಲ್ಲಿ ಎಂದೋ ಒಮ್ಮೆ ಪೆಟ್ಟಿಗೆಯೂ ಕಾಣೆಯಾಗುತ್ತದೆ. ಸಂಶೋಧಕನು ತನ್ನ ಟಿಪ್ಪಣಿಗಳನ್ನೂ ಕೈಗೆತ್ತಿಕೊಂಡ ಕೆಲಸಗಳನ್ನೂ ಸ್ವಂತ ಜಾಲತಾಣವೊಂದರಲ್ಲಿ ಅಣಿಗೊಳಿಸಿಡುವುದು ಸಂಶೋಧನ ವಿಧಾನದ ಅಂಗವೇ ಆಗಬೇಕೆಂಬುದು ನನ್ನ ಅಭಿಪ್ರಾಯ.

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳನ್ನು ಉದಾಹರಣೆಯಾಗಿ ನೋಡಬಹುದು. ಬಿ.ಎಲ್. ರೈಸ್ ಅವರು 1902ರಲ್ಲಿ ಈ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯ ಕರ್ಣಾಟಿಕ'ದ ಐದನೆಯ ಸಂಪುಟವಾಗಿ ಹೊರತಂದಾಗ ತಾಲ್ಲೂಕುವಾರು ಕ್ರಮಸಂಖ್ಯೆಗಳನ್ನು ಕೊಟ್ಟರು. ಹಳೇಬೀಡಿನ ಶಾಸನಗಳು ಬೇಲೂರಿನ ಸಂಖ್ಯೆಗಳೊಳಗೆ ಸೇರಿದವು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಸಂಪುಟಗಳನ್ನು ಪ್ರಕಟಿಸಿದಾಗ ಹೊಸ ಶಾಸನಗಳು ಕೂಡಿಕೊಂಡು ಸಂಖ್ಯೆಗಳು ಬದಲಾದವು. ನಡುವಣ ಅವಧಿಯಲ್ಲಿ ಬೆಳಕಿಗೆ ಬಂದವು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಮತ್ತೊಂದು ಕ್ರಮದಲ್ಲಿ ಅಚ್ಚಾಗಿವೆ. ಹೀಗಾಗಿ ಒಂದೇ ಕಲ್ಲನ್ನು ಒಬ್ಬರು ಒಂದು ಸಂಖ್ಯೆಯಿಂದಲೂ ಮತ್ತೊಬ್ಬರು ಬೇರೊಂದರಿಂದಲೂ ಉಲ್ಲೇಖಿಸುತ್ತಾರೆ. 'ಬೇಲೂರು' ಎಂದು ಬರೆದು, ಮುಂದೆ ಒಂದು ಸಂಖ್ಯೆ ಹಾಕಿ, ಯಾವ ಸಂಪುಟದ್ದೆಂದು ಕಾಣಿಸದೆ ಬಿಟ್ಟ ಚೀಟಿ ಹತ್ತು ವರ್ಷಗಳ ನಂತರ ಬರೆದವನಿಗೇ ಒಗಟಾಗುತ್ತದೆ. ನನ್ನ ಪೆಟ್ಟಿಗೆಯಲ್ಲಿಯೂ ಅಂತಹ ಚೀಟಿಗಳು ಸಾಕಷ್ಟಿವೆ.

ಹೆಸರುಗಳ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಹಳೇಬೀಡು ಶಾಸನಗಳಲ್ಲಿ ದೋರಸಮುದ್ರ, ಬೇಲೂರು ವೇಲಾಪುರವೂ ಹೌದು, ಅರಸೀಕೆರೆ ಅರಸಿಯಕೆರೆ. ಇಂದಿನ ಬರವಣಿಗೆಯಲ್ಲಿಯೂ ಅರಸೀಕೆರೆ–ಅರಸಿಕೆರೆ, ಹಳೇಬೀಡು–ಹಳೆಬೀಡು ಎಂಬ ರೂಪಭೇದಗಳುಂಟು. ಓದುವ ಕಣ್ಣಿಗೆ ಈ ವ್ಯತ್ಯಾಸ ಬಾಧಿಸುವುದಿಲ್ಲ. ಗಣಕಯಂತ್ರಕ್ಕಾದರೋ ದೀರ್ಘವೊಂದು ಹೆಚ್ಚುಕಡಿಮೆಯಾದರೆ ಊರೇ ಬೇರೆ. ಆದ್ದರಿಂದ ಊರಿಗೊಂದು ಪುಟವಿರಿಸಿ, ಅದರ ತಲೆಯಲ್ಲಿಯೇ ಎಲ್ಲ ಹೆಸರುಗಳನ್ನೂ ನಮೂದಿಸಿ, ಅದರಡಿಯಲ್ಲಿ ಶಾಸನಕ್ಕೊಂದು ಪುಟವನ್ನು ತೆರೆಯುವುದು ಸೂಕ್ತ. ಆ ಪುಟದಲ್ಲಿ ಹಳೆಯ ಮತ್ತು ಹೊಸ ಸಂಖ್ಯೆಗಳೆರಡೂ ಇರಬೇಕು. ದೊರೆತ ಸ್ಥಳ, ಈಗಿರುವ ಸ್ಥಳ ಎಂಬ ಎರಡು ಪ್ರತ್ಯೇಕ ಸಾಲುಗಳೂ ಬೇಕು. ಹಲ್ಮಿಡಿ ಶಾಸನವು ಬೇಲೂರು ತಾಲ್ಲೂಕಿನದು, ಎಂ.ಎಚ್. ಕೃಷ್ಣ ಅವರು ಅದನ್ನು 1936ರ ಪುರಾತತ್ವ ವರದಿಯಲ್ಲಿ ಪ್ರಕಟಿಸಿದರು. ಮೂಲಶಿಲೆ ಮೈಸೂರನ್ನು ಸೇರಿದೆ. ರೈಸ್ ಅವರ ಸಂಪುಟದಲ್ಲಿ ಅದನ್ನು ಹುಡುಕುವ ವಿದ್ಯಾರ್ಥಿ ಬರಿಗೈಯಲ್ಲಿ ಹಿಂದಿರುಗುತ್ತಾನೆ.

ನಮ್ಮಲ್ಲಿ ಬಹುಮಂದಿ ಟಿಪ್ಪಣಿಗಳನ್ನು ಜೋಡಿಸುವುದು ಪ್ರಬಂಧದ ಅಧ್ಯಾಯಗಳಿಗೆ ಅನುಗುಣವಾಗಿ. ಮೂಲ ದೋಷ ಇರುವುದು ಇಲ್ಲಿ. ಅಧ್ಯಾಯವು ಒಂದು ಕಾಲದ ಒಂದು ಪ್ರಶ್ನೆಗೆ ಕಟ್ಟಿದ ಚೌಕಟ್ಟು. ಕಲ್ಲು ಇನ್ನೂ ಹತ್ತು ಪ್ರಶ್ನೆಗಳಿಗೆ ಸಾಕ್ಷಿಯಾಗಬಲ್ಲದು. ಬೇಲೂರಿನಲ್ಲಿ ಶಿಲ್ಪಗಳ ಬಳಿ ಕೆತ್ತಿರುವ ರೂವಾರಿಗಳ ಅಂಕಿತಗಳನ್ನು ಗಮನಿಸಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಊರು, ತಂದೆ, ಬಿರುದುಗಳು ಒಂದೆರಡು ಸಾಲುಗಳಲ್ಲಿ ಅಡಕವಾಗಿವೆ. ಇದೇ ಸಾಲು ಕಲಾಚರಿತ್ರೆಕಾರನಿಗೆ ಒಂದು ಬಗೆಯಲ್ಲಿ, ವ್ಯಕ್ತಿನಾಮಗಳ ಅಭ್ಯಾಸಿಗೆ ಇನ್ನೊಂದು ಬಗೆಯಲ್ಲಿ, ಕುಶಲಕರ್ಮಿಗಳ ವಲಸೆಯನ್ನು ಅರಸುವವನಿಗೆ ಮತ್ತೊಂದು ಬಗೆಯಲ್ಲಿ ಬೇಕಾಗುತ್ತದೆ. ಚೀಟಿಯನ್ನು ಒಂದೇ ಕಟ್ಟಿನಲ್ಲಿ ಇಡಬೇಕಾಗುತ್ತದೆ. ಜಾಲತಾಣದ ಪುಟವನ್ನಾದರೆ ಮೂರೂ ಕೆಲಸಗಳ ಪುಟಗಳಿಂದ ಕೊಂಡಿ ಹಾಕಿ ಸೇರಿಸಬಹುದು. ಅರ್ಧಕ್ಕೆ ನಿಂತ ಯೋಜನೆಗೂ ಒಂದು ಪುಟವಿದ್ದರೆ, ಎಲ್ಲಿಗೆ ನಿಂತಿತು, ಏನು ನೋಡುವುದು ಉಳಿಯಿತು ಎಂಬುದು ತಿಳಿಯುತ್ತದೆ.

ಅಪಕ್ವವಾದುದನ್ನು ಬಯಲಿಗಿಡುವುದು ವಿದ್ವತ್ತಿನ ಶಿಸ್ತಿಗೆ ಒಗ್ಗದೆಂಬ ಆಕ್ಷೇಪವನ್ನು ಹಿರಿಯರು ಎತ್ತುತ್ತಾರೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅಚ್ಚಾದ ಪಾಠ, ಸ್ಥಳದಲ್ಲಿ ತಾನು ಕಂಡದ್ದು, ತನ್ನ ಊಹೆ ಈ ಮೂರನ್ನು ಪ್ರತಿ ಪುಟದಲ್ಲಿಯೂ ಬೇರ್ಪಡಿಸಿ, ನೋಡಿದ ದಿನಾಂಕವನ್ನು ಹಾಕಿದರೆ ಓದುಗನು ಮೋಸಹೋಗುವ ಸಂಭವ ಕಡಿಮೆ. ಅಚ್ಚಾದ ಪ್ರಬಂಧಗಳಲ್ಲಿ ಊಹೆಯೂ ಪಾಠವೂ ಬೆರೆತುಹೋಗಿರುವ ನಿದರ್ಶನಗಳಿಗೆ ನಮ್ಮಲ್ಲಿ ಬರವಿಲ್ಲ! ಇನ್ನು ವಿಷಯವನ್ನು ಯಾರಾದರೂ ಕದ್ದಾರೆಂಬ ಭಯ. ದಿನಾಂಕಸಹಿತವಾಗಿ ಬಹಿರಂಗವಾಗಿರುವ ಟಿಪ್ಪಣಿಯೇ ಮೊದಲಿಗನಾರೆಂಬುದಕ್ಕೆ ಸಾಕ್ಷಿ ನುಡಿಯುತ್ತದೆ, ಪೆಟ್ಟಿಗೆಯಲ್ಲಿರುವುದು ನುಡಿಯಲಾರದು. ಒಂದು ಎಚ್ಚರಿಕೆ ಮಾತ್ರ ಅವಶ್ಯ. ಕಾವಲಿಲ್ಲದ ಪಾಳುಗುಡಿಗಳಲ್ಲಿರುವ ಬಿಡಿ ವಿಗ್ರಹಗಳ ನಿಖರವಾದ ನೆಲೆಯನ್ನೂ, ಮಾಹಿತಿ ನೀಡಿದ ಗ್ರಾಮಸ್ಥರ ಹೆಸರನ್ನೂ ಬಹಿರಂಗಪಡಿಸಬಾರದು.

ತಾಂತ್ರಿಕ ಪಕ್ಷವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಅಲಂಕಾರಗಳಿಲ್ಲದ ಸರಳ ಪಠ್ಯಪುಟಗಳು ಸಾಕು; ಅವು ಯೂನಿಕೋಡ್‌ನಲ್ಲಿರಬೇಕು. ಹಳೆಯ ಅಕ್ಷರಶೈಲಿಯೊಂದರಲ್ಲಿ ನಾನು ಬೆರಳಚ್ಚಿಸಿದ್ದ ಅರಸೀಕೆರೆಯ ಕಡತವನ್ನು ಹೊಸ ಗಣಕದಲ್ಲಿ ತೆರೆದಾಗ ಪರದೆಯ ತುಂಬ ರೋಮನ್ ಅಕ್ಷರಗಳ ರಾಶಿ ಕಂಡಿತು. ಪರಿವರ್ತಕ ತಂತ್ರಾಂಶದಿಂದ ಬಹುಭಾಗ ಮರಳಿತಾದರೂ ಶಾಸನಪಾಠದಲ್ಲಿದ್ದ ಱ, ೞ ಅಕ್ಷರಗಳನ್ನು ಒಂದೊಂದಾಗಿ ತಿದ್ದಬೇಕಾಯಿತು. ಉಚಿತ ಸ್ಥಳಾವಕಾಶವನ್ನು ನಂಬಿ ಕೂರುವುದೂ ತರವಲ್ಲ. ಲಕ್ಷಾಂತರ ಜನರ ಪುಟಗಳಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಮೂಲಪ್ರತಿ ಮನೆಯಲ್ಲಿರಲಿ, ಜಾಲದಲ್ಲಿರುವುದು ಅದರ ನಕಲಾಗಿರಲಿ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಕ್ಷತ್ರಾಕಾರದ ಮಂಟಪವುಳ್ಳ ಅರಸೀಕೆರೆಯ ಈಶ್ವರ ದೇವಾಲಯ ಆ ಪಟ್ಟಿಯಲ್ಲಿಲ್ಲ. ಪಟ್ಟಿಗೆ ಸೇರಿದ ಸ್ಥಳಗಳ ದಾಖಲೆಗೆ ಸರ್ಕಾರವೂ ಸಂಸ್ಥೆಗಳೂ ಇವೆ. ಉಳಿದ ಊರುಗಳ ಪಾಲಿಗೆ ಇರುವುದು ರಜೆಯ ದಿನ ಬಸ್ಸು ಹಿಡಿದು ಹೋಗಿ ಬರೆದುಕೊಂಡು ಬರುವ ಅಧ್ಯಾಪಕರೇ. ಅವರ ಟಿಪ್ಪಣಿಗಳಿಗೆ ನಮ್ಮ ಮೌಲ್ಯಮಾಪನ ಪದ್ಧತಿಯಲ್ಲಿ ಒಂದು ಅಂಕವೂ ಇಲ್ಲ. ವಿಭಾಗಗಳು ಮಹಾಪ್ರಬಂಧದ ಜೊತೆಗೆ ಟಿಪ್ಪಣಿಗಳ ಒಂದು ಪ್ರತಿಯನ್ನೂ ಕೇಳಿ ಪಡೆದು, ಅಭ್ಯರ್ಥಿಯ ಜಾಲತಾಣದ ವಿಳಾಸವನ್ನು ಗ್ರಂಥಾಲಯದ ಸೂಚಿಯಲ್ಲಿ ದಾಖಲಿಸಬಹುದು. ಇದಕ್ಕೆ ಪ್ರತ್ಯೇಕ ಅನುದಾನವೇನೂ ಬೇಕಾಗದು. ಮುಂದಿನ ನೋಂದಣಿಯ ನಿಯಮಾವಳಿಯಲ್ಲಿ ಒಂದು ಸಾಲು ಸೇರಿದರಾಯಿತು.