ತಪ್ಪಿಗೆ ಹಾಕಿದ ಎರಡು ತೇಪೆಗಳು

ತರಗತಿಯಲ್ಲಿ ನಕ್ಷತ್ರಗಳ ದೂರವನ್ನು ಅಳೆಯುವ ಬಗೆಯನ್ನು ವಿವರಿಸುತ್ತಿರುವಾಗ ‘ಪಾರ್ಸೆಕ್’ ಎಂಬ ಹೆಸರು ಬಂದೊಡನೆ ಹಿಂದಿನ ಬೆಂಚುಗಳಲ್ಲಿ ಸಣ್ಣದೊಂದು ನಗೆ ಏಳುವುದುಂಟು. ನಗುವವರು ‘ಸ್ಟಾರ್ ವಾರ್ಸ್’ ಚಲಚ್ಚಿತ್ರಗಳನ್ನು ನೋಡಿದವರು. ಜಾರ್ಜ್ ಲ್ಯೂಕಾಸ್ ಅವರು ೧೯೭೭ರಲ್ಲಿ ತೆರೆಗೆ ತಂದ ಆ ಸರಣಿಯ ಮೊದಲನೆಯ ಚಿತ್ರದಲ್ಲಿ ಹ್ಯಾನ್ ಸೋಲೋ ಎಂಬ ಕಳ್ಳಸಾಗಣೆಯ ನಾವಿಕನೊಬ್ಬನಿದ್ದಾನೆ. ನಿನ್ನ ನೌಕೆಯು ವೇಗವುಳ್ಳದ್ದೇ ಎಂಬ ಅರ್ಥದ ಮಾತು ಬಂದಾಗ ಆತನು, ಅದು ಕೆಸೆಲ್ ಯಾನವನ್ನು ಹನ್ನೆರಡು ಪಾರ್ಸೆಕ್‌ಗಳಿಗಿಂತ ಕಡಮೆಯಲ್ಲಿ ಮುಗಿಸಿದ ನೌಕೆಯೆಂದು ಹೆಮ್ಮೆಯಿಂದ ಹೇಳುತ್ತಾನೆ.

ಪಾರ್ಸೆಕ್ ಎಂಬುದು ಕಾಲದ ಮಾನವಲ್ಲ, ದೂರದ ಮಾನ. ಭೂಮಿಗೂ ಸೂರ್ಯನಿಗೂ ನಡುವಣ ಅಂತರವು ಎಷ್ಟು ದೂರದಿಂದ ನೋಡಿದಾಗ ಒಂದು ವಿಕಲೆಯಷ್ಟು, ಎಂದರೆ ಒಂದು ಡಿಗ್ರಿಯ ೩,೬೦೦ನೆಯ ಒಂದು ಭಾಗದಷ್ಟು, ಕಿರಿದಾದ ಕೋನವಾಗಿ ತೋರುವುದೋ ಆ ದೂರವೇ ಒಂದು ಪಾರ್ಸೆಕ್. ಬೆಳಕು ಅದನ್ನು ದಾಟಲು ೩.೨೬ ವರ್ಷಗಳು ಬೇಕು. ವೇಗವನ್ನು ಕೇಳಿದವನಿಗೆ ದೂರವನ್ನು ಹೇಳುವುದೆಂದರೆ, ಬಸ್ಸು ಎಷ್ಟು ಬೇಗ ಹೋಗುತ್ತದೆಂದು ಕೇಳಿದ ಪ್ರಯಾಣಿಕನಿಗೆ ಚಾಲಕನು ‘ನೂರು ಕಿಲೋಮೀಟರಿಗಿಂತ ಕಡಮೆಯಲ್ಲಿ ಊರು ಮುಟ್ಟಿಸಿದ್ದೇನೆ’ ಎಂದು ಉತ್ತರ ಕೊಟ್ಟಂತೆ.

ಈ ಸರಣಿಯ ಮುಖ್ಯ ಕಥೆಯಿಂದ ಬೇರೆಯಾಗಿ ತಾವೇ ಸ್ವತಂತ್ರವಾಗಿ ನಿಲ್ಲುವಂತೆ ರಚಿತವಾದ ಎರಡು ಚಿತ್ರಗಳು ಮುಂದೆ ಬಂದವು. ಗ್ಯಾರೆತ್ ಎಡ್ವರ್ಡ್ಸ್ ನಿರ್ದೇಶಿಸಿದ ‘ರೋಗ್ ಒನ್’ ೨೦೧೬ರಲ್ಲಿಯೂ, ರಾನ್ ಹೊವರ್ಡ್ ಅವರ ಹೆಸರಿನಲ್ಲಿ ‘ಸೋಲೋ’ ೨೦೧೮ರಲ್ಲಿಯೂ ತೆರೆಕಂಡವು. ಎರಡರ ಕಥೆಯೂ ಹಳೆಯ ಚಿತ್ರದ ಕಥೆಗಿಂತ ಹಿಂದಿನ ಕಾಲದಲ್ಲಿ ನಡೆಯುವಂಥದು. ಎರಡೂ ಹಳೆಯ ಚಿತ್ರದ ಒಂದೊಂದು ಹರಕನ್ನು ಹೊಲಿಯಲು ಹೊರಟಿವೆ. ಇವುಗಳಲ್ಲಿ ವಿಜ್ಞಾನಕ್ಕೆ ಹೆಚ್ಚು ಹತ್ತಿರವಾದುದು ಯಾವುದೆಂದು ಕೇಳಿದರೆ, ಪಾರ್ಸೆಕ್ಕಿನ ಲೆಕ್ಕವನ್ನು ಸರಿಮಾಡಿದ ‘ಸೋಲೋ’ ಎಂದು ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಹೇಳುತ್ತಾರೆ. ನನ್ನ ಅಭಿಪ್ರಾಯವು ಇದಕ್ಕೆ ವಿರುದ್ಧವಾದುದು.

‘ಸೋಲೋ’ ಚಿತ್ರದ ತೇಪೆಯನ್ನು ಮೊದಲು ನೋಡೋಣ. ಕೆಸೆಲ್ ಎಂಬ ಗ್ರಹದ ಸುತ್ತಲೂ ಅಪಾಯಕರವಾದ ಮೇಘರಾಶಿ ಕವಿದಿದೆ. ಅಲ್ಲಿಂದ ಸುರಕ್ಷಿತವಾಗಿ ಹೊರಬರುವ ಹಾದಿಯ ಉದ್ದ ಇಪ್ಪತ್ತು ಪಾರ್ಸೆಕ್. ಹ್ಯಾನ್ ಸೋಲೋ ಅಲ್ಲಿಂದ ಕದ್ದು ತರುವ ಇಂಧನವಾದರೋ ಬೇಗನೆ ಶುದ್ಧಿ ಮಾಡದಿದ್ದಲ್ಲಿ ಸಿಡಿಯತಕ್ಕದ್ದು. ಹಾದಿಯಲ್ಲಿ ಶತ್ರುವಿನ ನೌಕೆಯು ಅಡ್ಡಗಟ್ಟುತ್ತದೆ. ಆಗ ಆತನು ಮೇಘದ ನಡುವೆಯೇ ನುಗ್ಗಿ, ಎಲ್ಲವನ್ನೂ ಸೆಳೆದು ನುಂಗುವ ಒಂದು ಗುರುತ್ವದ ಬಾವಿಯ ಅಂಚಿನಿಂದ ಪಾರಾಗಿ, ಅಡ್ಡದಾರಿಯಲ್ಲಿ ಹೊರಬೀಳುತ್ತಾನೆ. ದಾರಿಯೇ ಕಿರಿದಾಯಿತು, ಆದುದರಿಂದ ಪಾರ್ಸೆಕ್ಕುಗಳ ಲೆಕ್ಕವೂ ಕಿರಿದಾಯಿತು. ಕೊನೆಯಲ್ಲಿ ಆತನು ಹನ್ನೆರಡು ಎಂದಾಗ ಜೊತೆಗಾರನಾದ ಚ್ಯೂಬಾಕನು ತನ್ನ ಭಾಷೆಯಲ್ಲಿ ಆಕ್ಷೇಪಿಸುತ್ತಾನೆ. ಚಿಲ್ಲರೆಯನ್ನು ಕೈಬಿಟ್ಟರೆ ಹನ್ನೆರಡೇ ಎಂಬುದು ನಾಯಕನ ಸಮಾಧಾನ.

ಯುಕ್ತಿ ಸೊಗಸಾಗಿದೆ, ದೃಶ್ಯವೂ ರಮಣೀಯವಾಗಿದೆ. ಪಾರ್ಸೆಕ್ ದೂರದ ಮಾನವೆಂಬುದು ಇದರಿಂದ ಅನೇಕರಿಗೆ ತಿಳಿದಿರಲೂಬಹುದು. ಆದರೆ ಹಳೆಯ ಪ್ರಶ್ನೆಗೆ ಉತ್ತರ ಬಂದಿತೆ? ಅಲ್ಲಿ ಮಾತು ಎದ್ದದ್ದು ನೌಕೆಯ ವೇಗವನ್ನು ಕುರಿತು. ಇಲ್ಲಿ ದೊರೆತದ್ದು ನಾವಿಕನ ಎದೆಗಾರಿಕೆಯ ಕಥೆ. ಹನ್ನೆರಡಕ್ಕಿಂತ ಹೆಚ್ಚಿದ್ದುದನ್ನು ಹನ್ನೆರಡಕ್ಕೆ ಇಳಿಸಿದವನು ಮುಂದೆ ಹನ್ನೆರಡಕ್ಕಿಂತಲೂ ಕಡಮೆಯೆನ್ನುತ್ತಾನೆ! ಒಂದು ಮಾತಿನ ತಪ್ಪನ್ನು ಉಳಿಸಿಕೊಳ್ಳುವುದಕ್ಕಾಗಿ ಒಂದು ಮೇಘರಾಶಿಯನ್ನೂ ಒಂದು ಗುರುತ್ವದ ಬಾವಿಯನ್ನೂ ಸೃಷ್ಟಿಸಿದ್ದಾಯಿತು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂದ ಜಟ್ಟಿಯ ನೆನಪಾಗುತ್ತದೆ.

ಇನ್ನು ‘ರೋಗ್ ಒನ್’. ಹಳೆಯ ಚಿತ್ರದಲ್ಲಿ ‘ಡೆತ್ ಸ್ಟಾರ್’, ಎಂದರೆ ಮೃತ್ಯುತಾರೆ, ಎಂಬ ಯುದ್ಧಯಂತ್ರವಿದೆ. ಉಪಗ್ರಹದಷ್ಟು ದೊಡ್ಡದಾದ ಆ ಯಂತ್ರವು ಒಂದು ಗ್ರಹವನ್ನೇ ಪುಡಿಮಾಡಬಲ್ಲುದು. ಅಂಥದನ್ನು ಎರಡು ಮೀಟರ್ ಅಗಲದ ಒಂದು ಉಷ್ಣದ್ವಾರದೊಳಕ್ಕೆ ಅಸ್ತ್ರವನ್ನು ಬಿಟ್ಟು ನಾಯಕನು ನಾಶಮಾಡುತ್ತಾನೆ. ಉಷ್ಣವನ್ನು ಹೊರಚೆಲ್ಲದೆ ಯಾವ ಶಕ್ತಿಯಂತ್ರವೂ ನಡೆಯಲಾರದಷ್ಟೆ, ದ್ವಾರವಿದ್ದದ್ದು ತಪ್ಪಲ್ಲ. ಆದರೆ ಅದರೊಳಕ್ಕೆ ಬಿದ್ದ ಒಂದು ಪೆಟ್ಟಿಗೆ ಇಡೀ ಯಂತ್ರವೇ ಸಿಡಿಯುವಂತೆ ಯಾರಾದರೂ ಕಟ್ಟಿಯಾರೆ ಎಂದು ಪ್ರೇಕ್ಷಕರು ಬಹುಕಾಲ ಹಾಸ್ಯ ಮಾಡುತ್ತಿದ್ದರು.

ಹೌದು, ಕಟ್ಟಿಯಾರು, ಬೇಕೆಂದೇ ಕಟ್ಟಿಯಾರು ಎಂದು ‘ರೋಗ್ ಒನ್’ ಉತ್ತರ ಕೊಡುತ್ತದೆ. ಗೇಲನ್ ಅರ್ಸೋ ಎಂಬ ವಿಜ್ಞಾನಿ ಆ ಅಸ್ತ್ರದ ಕೆಲಸವನ್ನು ಬಿಟ್ಟು ದೂರದ ಗ್ರಹವೊಂದರಲ್ಲಿ ಬೇಸಾಯಗಾರನಾಗಿ ಅಡಗಿದ್ದಾನೆ. ಸೈನ್ಯವು ಅವನನ್ನು ಹುಡುಕಿ ಬಲಾತ್ಕಾರದಿಂದ ಹಿಂದಕ್ಕೆ ಕರೆದೊಯ್ಯುತ್ತದೆ. ತಾನು ಒಲ್ಲೆನೆಂದರೂ ಅಸ್ತ್ರವು ಬೇರೆಯವರ ಕೈಯಿಂದ ಸಿದ್ಧವಾಗುವುದೆಂದು ಕಂಡ ಆತನು ದುಡಿಯುವಂತೆ ನಟಿಸಿ, ಶಕ್ತಿಯ ಮೂಲಸ್ಥಾನದಲ್ಲಿಯೇ ಯಾರಿಗೂ ಕಾಣದ ಒಂದು ದೌರ್ಬಲ್ಯವನ್ನು ಹುದುಗಿಸುತ್ತಾನೆ. ಆತನ ಮಗಳು ಜಿನ್ ಮತ್ತು ಅವಳ ಸಂಗಡಿಗರು ಯಂತ್ರದ ನಕ್ಷೆಯನ್ನು ಕದ್ದು ಹೊರಕ್ಕೆ ಕಳುಹಿಸಿ, ಅಲ್ಲಿಯೇ ಪ್ರಾಣ ಬಿಡುತ್ತಾರೆ.

ಇದೂ ಒಂದು ತೇಪೆಯೇ ಅಲ್ಲವೆ, ಭೇದವೆಲ್ಲಿ, ಎಂದು ವಾಚಕರು ಕೇಳಬಹುದು. ಉತ್ತರಕ್ಕಾಗಿ ಖಗೋಳ ವಿಜ್ಞಾನದ ಚರಿತ್ರೆಯ ಎರಡು ಘಟನೆಗಳನ್ನು ನೆನೆಯಬೇಕು. ಯುರೇನಸ್ ಗ್ರಹವು ಲೆಕ್ಕ ಹಾಕಿದ ಹಾದಿಯನ್ನು ಬಿಟ್ಟು ಕೊಂಚ ಸರಿದು ಚಲಿಸುತ್ತಿದ್ದಿತು. ಕಾಣದ ಬೇರೊಂದು ಗ್ರಹವು ಅದನ್ನು ಎಳೆಯುತ್ತಿರಬೇಕೆಂದು ಫ್ರಾನ್ಸಿನ ಲವೆರಿಯೆ ಊಹಿಸಿ ಅದರ ಸ್ಥಾನವನ್ನು ಗುಣಿಸಿದನು. ೧೮೪೬ರ ಸೆಪ್ಟೆಂಬರ್ ೨೩ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ದೂರದರ್ಶಕವನ್ನು ತಿರುಗಿಸಿದಾಗ, ಹೇಳಿದ ಸ್ಥಾನದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಕಾಣಿಸಿತು. ಅಷ್ಟೇ ಅಲ್ಲ, ಹಳೆಯ ದಾಖಲೆಗಳನ್ನು ಹುಡುಕಿದಾಗ ೧೭೯೫ರಲ್ಲಿ ಲಲಾಂದ್ ಅದೇ ಗ್ರಹವನ್ನು ನಕ್ಷತ್ರವೆಂದು ಭ್ರಮಿಸಿ ಗುರುತು ಹಾಕಿಕೊಂಡಿದ್ದುದೂ ಹೊರಬಿದ್ದಿತು. ಒಂದನ್ನು ವಿವರಿಸಲು ಹುಟ್ಟಿದ ಊಹೆಯು ಕೇಳದೆ ಇದ್ದ ಮತ್ತೊಂದನ್ನೂ ಬೆಳಗಿತು.

ಅದೇ ಲವೆರಿಯೆ ೧೮೫೯ರಲ್ಲಿ ಬುಧಗ್ರಹದ ಕಕ್ಷೆಯಲ್ಲಿಯೂ ಒಂದು ಸಣ್ಣ ವ್ಯತ್ಯಾಸವನ್ನು ಕಂಡನು. ಮದ್ದು ಹಿಂದಿನದೇ: ಸೂರ್ಯನ ಸಮೀಪದಲ್ಲಿ ಕಾಣದ ಗ್ರಹವೊಂದಿರಬೇಕು. ಅದಕ್ಕೆ ವಲ್ಕನ್ ಎಂದು ಹೆಸರನ್ನೂ ಇಟ್ಟದ್ದಾಯಿತು. ಆದರೆ ಆ ಗ್ರಹವು ಸಿಕ್ಕಲೇ ಇಲ್ಲ. ಶತಮಾನಕ್ಕೆ ೪೩ ವಿಕಲೆಗಳಷ್ಟಾಗುವ ಆ ವ್ಯತ್ಯಾಸವನ್ನು ಐನ್‌ಸ್ಟೈನ್ ೧೯೧೫ರಲ್ಲಿ ಗುರುತ್ವದ ನಿಯಮವನ್ನೇ ತಿದ್ದಿ ವಿವರಿಸಿದರು. ಕೊರತೆಯಿದ್ದದ್ದು ಆಕಾಶದಲ್ಲಿ ಅಲ್ಲ, ನಮ್ಮ ಬರಹದಲ್ಲಿ.

‘ರೋಗ್ ಒನ್’ ಚಿತ್ರದ ತೇಪೆಯು ನೆಪ್ಚೂನಿನ ಜಾತಿಯದು. ದ್ವಾರದ ದೌರ್ಬಲ್ಯಕ್ಕೆ ಕಾರಣ ಹೇಳಲು ಹೊರಟು, ಹಳೆಯ ಚಿತ್ರದ ಗೆಲವಿನ ಹಿಂದೆ ಎಷ್ಟು ಜನರ ಬಲಿಯಿತ್ತೆಂಬುದನ್ನು ತೋರಿಸುತ್ತದೆ. ತಾನು ಮಾಡಿದ ಅಸ್ತ್ರಕ್ಕೆ ವಿಜ್ಞಾನಿಯು ಎಷ್ಟರಮಟ್ಟಿಗೆ ಹೊಣೆಯೆಂಬ ದೊಡ್ಡ ಪ್ರಶ್ನೆಯನ್ನೂ ಎತ್ತುತ್ತದೆ. ಜರ್ಮನಿಯು ಪರಮಾಣು ಬಾಂಬನ್ನು ಮಾಡುವ ಸಂಭವವಿಲ್ಲವೆಂದು ತಿಳಿದಾಗ, ೧೯೪೪ರ ಕೊನೆಯಲ್ಲಿ ಅಮೆರಿಕದ ಬಾಂಬು ಯೋಜನೆಯಿಂದ ಹೊರನಡೆದ ಜೋಸೆಫ್ ರಾಟ್‌ಬ್ಲಾಟ್ ಅವರ ಮುಂದೆಯೂ ಇದೇ ಪ್ರಶ್ನೆಯಿದ್ದಿತು. ‘ಸೋಲೋ’ ಚಿತ್ರದ ತೇಪೆಯು ವಲ್ಕನ್ ಜಾತಿಯದು. ಒಂದು ವಾಕ್ಯವನ್ನು ಕಾಯುವುದು ಅದರ ಕೆಲಸ. ಆ ವಾಕ್ಯದಿಂದಾಚೆಗೆ ಅದು ಏನನ್ನೂ ಬೆಳಗುವುದಿಲ್ಲ.

ನನ್ನ ಪಕ್ಷಕ್ಕೆ ವಿರುದ್ಧವಾಗಿ ಹೇಳತಕ್ಕ ಮಾತುಗಳೂ ಇವೆ. ‘ರೋಗ್ ಒನ್’ ಚಿತ್ರದಲ್ಲಿ ಭೌತವಿಜ್ಞಾನದ ದೋಷಗಳು ಕಡಮೆಯೇನಲ್ಲ. ಶೂನ್ಯದಲ್ಲಿ ಸ್ಫೋಟಗಳು ಗುಡುಗುತ್ತವೆ. ಸಣ್ಣ ನೌಕೆಯೊಂದು ತನಗಿಂತ ಎಷ್ಟೋ ಪಾಲು ದೊಡ್ಡದಾದ ಯುದ್ಧನೌಕೆಯನ್ನು ಕ್ಷಣಗಳಲ್ಲಿ ತಳ್ಳಿ ಉರುಳಿಸುತ್ತದೆ. ಇದಕ್ಕಿಂತ ಗಂಭೀರವಾದ ಆಕ್ಷೇಪ ಮತ್ತೊಂದಿದೆ. ನಿಜವಾದ ಯಂತ್ರಗಳು ಕೆಡುವುದು ಸಾಮಾನ್ಯವಾಗಿ ಒಳಸಂಚಿನಿಂದಲ್ಲ, ಅಲಕ್ಷ್ಯದಿಂದ. ೧೯೮೬ರ ಜನವರಿ ೨೮ರಂದು ಚಾಲೆಂಜರ್ ನೌಕೆಯು ನಾಶವಾಗಿ ಏಳು ಮಂದಿ ಮಡಿದದ್ದು, ಚಳಿಗೆ ಬಿರುಸಾಗಿದ್ದ ಒಂದು ರಬ್ಬರಿನ ಬಳೆಯಿಂದ. ಅದರ ಅಪಾಯವನ್ನು ಹಿಂದಿನ ರಾತ್ರಿಯೇ ಎಂಜಿನಿಯರುಗಳು ಎತ್ತಿ ಹೇಳಿದ್ದರು. ಈ ದೃಷ್ಟಿಯಿಂದ ೧೯೭೭ರ ಚಿತ್ರದ ಹೇಳದೆ ಬಿಟ್ಟ ದೌರ್ಬಲ್ಯವೇ ಅನುಭವಕ್ಕೆ ಹೆಚ್ಚು ಹತ್ತಿರವಾದುದು. ‘ರೋಗ್ ಒನ್’ ಅದನ್ನು ಕಳೆದಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಕಳೆದುದಕ್ಕಿಂತ ಕೊಟ್ಟದ್ದು ಹೆಚ್ಚು.

ವಿನೋದದ ಚಿತ್ರಗಳಿಗೆ ಇಷ್ಟೊಂದು ವಿಚಾರಣೆ ಏತಕ್ಕೆ? ಕಾರಣವು ನನ್ನ ಪ್ರಯೋಗಾಲಯದಲ್ಲಿದೆ. ಲೋಲಕದ ಪ್ರಯೋಗದಲ್ಲಿ ಗುರುತ್ವದ ವೇಗೋತ್ಕರ್ಷವು ಸೆಕೆಂಡಿಗೆ ಸೆಕೆಂಡಿಗೆ ೯೮೦ ಸೆಂಟಿಮೀಟರಿನಷ್ಟು ಬರಬೇಕೆಂಬುದು ವಿದ್ಯಾರ್ಥಿಗೆ ಮೊದಲೇ ಗೊತ್ತು. ೯೨೦ ಬಂದರೆ ಆತನು ದಾರದ ಉದ್ದವನ್ನು ಮತ್ತೆ ಅಳೆಯುವುದಿಲ್ಲ, ಆಂದೋಲನಗಳನ್ನು ಮತ್ತೆ ಎಣಿಸುವುದಿಲ್ಲ. ಉತ್ತರದಿಂದ ಹಿಂದಕ್ಕೆ ನಡೆದು ಕಾಲದ ಅಂಕಿಗಳನ್ನು ತಿದ್ದುತ್ತಾನೆ. ಕೇಳಿದರೆ ಕಾರಣಗಳನ್ನು ಕೊಡುತ್ತಾನೆ, ಒಂದೊಂದೂ ಜಾಣತನದ್ದೇ. ಜಾಣತನಕ್ಕೆ ನಮ್ಮಲ್ಲಿ ಬರಗಾಲವಿಲ್ಲ. ‘ತಪ್ಪಾಯಿತು’ ಎಂಬ ಒಂದು ಮಾತಿಗೆ ಮಾತ್ರ ಬರಗಾಲ.

ಆದುದರಿಂದ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು. ಎರಡು ಚಿತ್ರಗಳನ್ನೂ ಸಂತೋಷದಿಂದ ನೋಡಿರಿ. ಅಂಕಿ ತಪ್ಪಿದ್ದರೆ ಓದಲು ಬರುವಂತೆ ಅದರ ಮೇಲೆ ಒಂದೇ ಒಂದು ಗೆರೆಯನ್ನೆಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆಯಿರಿ. ಅದನ್ನು ಮುಚ್ಚಲು ಮೇಘರಾಶಿಯನ್ನು ತರಬೇಡಿರಿ.