ಹೀಲಿಯಂ ತುಂಬಿದ ಹಾರ್ಡ್ ಡಿಸ್ಕ್ ಕೆಟ್ಟರೆ ಒಳಗಿನ ಫೋಟೊಗಳು ಸಿಗುತ್ತವೆಯೇ?

‘ಹಾರ್ಡ್ ಡಿಸ್ಕ್ ಕೆಟ್ಟಿದೆಯೇ? ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ’, ‘ಮೆಲ್ಲಗೆ ಕುಟ್ಟಿ, ಚಾಲೂ ಆಗುತ್ತದೆ’, ‘ಹೀಲಿಯಂ ಡಿಸ್ಕ್ ಆದರೆ ಗ್ಯಾಸ್ ಸೋರಿದ ದಿನವೇ ಡೇಟಾ ಮಾಯ’. ಇಂಥ ಮಾತುಗಳನ್ನು ನೀವೂ ಕೇಳಿರಬಹುದು. ಇವುಗಳಲ್ಲಿ ಎಷ್ಟು ನಿಜ?

ಚಿಕ್ಕ ಉತ್ತರ: ಹೀಲಿಯಂ ಡಿಸ್ಕ್ ಕೆಟ್ಟರೂ ಹಲವು ಸಲ ಡೇಟಾ ಮರಳಿ ಪಡೆಯಬಹುದು. ಆದರೆ ಕೆಲಸ ಕಷ್ಟದ್ದು, ಖರ್ಚಿನದ್ದು. ಡಿಸ್ಕ್ ಕೆಟ್ಟ ಕೂಡಲೇ ನೀವು ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಡಿಸ್ಕ್ ಒಳಗೆ ಹೀಲಿಯಂ ಯಾಕೆ?

ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿರುತ್ತವೆ. ದೊಡ್ಡ ಡಿಸ್ಕ್‌ಗಳಲ್ಲಿ ಅವು ನಿಮಿಷಕ್ಕೆ 7,200 ಸುತ್ತು ತಿರುಗುತ್ತವೆ. ಆಗ ತಟ್ಟೆಯ ಅಂಚಿನ ವೇಗ ಗಂಟೆಗೆ ಸುಮಾರು 130 ಕಿ.ಮೀ. ಡೇಟಾ ಓದಿ ಬರೆಯುವ ‘ಹೆಡ್’ ತಟ್ಟೆಗೆ ತಾಗದೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಇದರ ಸಾವಿರಾರು ಪಟ್ಟು.

ಈ ವೇಗದಲ್ಲಿ ಗಾಳಿ ಸುಳಿ ಸುಳಿಯಾಗಿ ತಟ್ಟೆಗಳನ್ನು ನಡುಗಿಸುತ್ತದೆ. ಹೀಲಿಯಂನ ಸಾಂದ್ರತೆ ಗಾಳಿಯ ಏಳನೇ ಒಂದು ಭಾಗ ಮಾತ್ರ. ಹಾಗಾಗಿ ನಡುಕ ಕಡಿಮೆ, ಕರೆಂಟು ಕಡಿಮೆ. ತಟ್ಟೆಗಳನ್ನು ತೆಳ್ಳಗೆ ಮಾಡಿ ಹೆಚ್ಚು ಸಂಖ್ಯೆಯಲ್ಲಿ ಜೋಡಿಸಬಹುದು. ಎಚ್‌ಜಿಎಸ್‌ಟಿ ಕಂಪನಿ 2013ರಲ್ಲಿ ತಂದ 6 ಟಿಬಿ ಹೀಲಿಯಂ ಡಿಸ್ಕ್‌ನಲ್ಲಿ 7 ತಟ್ಟೆಗಳಿದ್ದವು. ಈಗಿನ ದೊಡ್ಡ ಡಿಸ್ಕ್‌ಗಳಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಇವೆ.

ಹೀಲಿಯಂ ಪತ್ತೆಯಾದ ಕತೆಗೂ ನಮ್ಮ ಕೃಷ್ಣಾ ತೀರಕ್ಕೂ ನಂಟಿದೆ. 1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ನೋಡಿದ್ದು ಜಮಖಂಡಿಯಿಂದ. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಅವರಿಗೆ ಕಂಡ ಕಿತ್ತಳೆ ಬಣ್ಣದ ಗೆರೆಯನ್ನು ಆಗ ಸೋಡಿಯಂನದ್ದೆಂದು ತಿಳಿಯಲಾಗಿತ್ತು. ಅದು ಬೇರೆಯೇ ಮೂಲವಸ್ತುವಿನದ್ದು ಎಂಬುದು ಆಮೇಲೆ ಗೊತ್ತಾಯಿತು. ಅದೇ ಹೀಲಿಯಂ.

ನಿಮ್ಮ ಡಿಸ್ಕ್ ಹೀಲಿಯಂನದ್ದೇ?

ಬಹುಶಃ ಅಲ್ಲ. ಅಂಗೈಯಲ್ಲಿ ಹಿಡಿಸುವ 1, 2 ಅಥವಾ 5 ಟಿಬಿ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಇರುವುದು ಗಾಳಿಯೇ. ಅವುಗಳಲ್ಲಿ ಫಿಲ್ಟರ್ ಹಾಕಿದ ಸಣ್ಣ ಉಸಿರಾಟದ ರಂಧ್ರವೂ ಇರುತ್ತದೆ. ಹೀಲಿಯಂ ಇರುವುದು ಹೆಚ್ಚಾಗಿ 12 ಟಿಬಿ ಮತ್ತು ಅದಕ್ಕಿಂತ ದೊಡ್ಡ ಡಿಸ್ಕ್‌ಗಳಲ್ಲಿ. ದತ್ತಾಂಶ ಕೇಂದ್ರಗಳಲ್ಲಿ ಇವು ಸಾಮಾನ್ಯ. ಮದುವೆ ವಿಡಿಯೊ ಕೂಡಿಡುವ ಸ್ಟುಡಿಯೊಗಳೂ ಇಷ್ಟು ದೊಡ್ಡ ಡಿಸ್ಕ್ ಕೊಳ್ಳುವುದುಂಟು.

ಗ್ಯಾಸ್ ಸೋರಿದರೆ ಡೇಟಾ ಅಳಿಸಿಹೋಗುತ್ತದೆಯೇ?

ಇಲ್ಲ. ಡೇಟಾ ಇರುವುದು ಹೀಲಿಯಂನಲ್ಲಲ್ಲ, ತಟ್ಟೆಯ ಮೇಲಿನ ಕಾಂತೀಯ ಪದರದಲ್ಲಿ. ಹೀಲಿಯಂ ಬಹಳ ನುಸುಳುವ ಅನಿಲ ಎಂಬುದು ನಿಜ. ಅದಕ್ಕಾಗಿಯೇ ಡಿಸ್ಕ್‌ನ ಹೊರ ಮುಚ್ಚಳವನ್ನು ಲೇಸರ್‌ನಿಂದ ಬೆಸುಗೆ ಹಾಕಿರುತ್ತಾರೆ. ವೆಸ್ಟರ್ನ್ ಡಿಜಿಟಲ್‌ನ ಹೀಲಿಯಂ ಡಿಸ್ಕ್‌ಗಳು ಅನಿಲದ ಮಟ್ಟವನ್ನು ತಾವೇ ಅಳೆಯುತ್ತವೆ. ಡಿಸ್ಕ್ ಆರೋಗ್ಯ ತೋರಿಸುವ ತಂತ್ರಾಂಶದಲ್ಲಿ 22ನೇ ಸಾಲಿನ ಅಂಕಿ ಅದೇ. ಅದು 100ರಿಂದ ಕೆಳಗಿಳಿಯತೊಡಗಿದರೆ ತಕ್ಷಣ ಎಲ್ಲವನ್ನೂ ಬೇರೆಡೆಗೆ ನಕಲು ಮಾಡಿಕೊಳ್ಳಿ.

ಅಪಾಯ ಇರುವುದು ಅನಿಲ ಸೋರಿದ ಮೇಲೂ ಡಿಸ್ಕ್ ಓಡಿಸುವುದರಲ್ಲಿ. ಹೀಲಿಯಂಗೆಂದು ಲೆಕ್ಕ ಹಾಕಿ ಮಾಡಿದ ಹೆಡ್ ದಟ್ಟ ಗಾಳಿಯಲ್ಲಿ ಸ್ಥಿರವಾಗಿ ತೇಲುವುದಿಲ್ಲ. ತಟ್ಟೆಗೆ ತಾಗಿದರೆ ಪದರವೇ ಕೆರೆದುಹೋಗುತ್ತದೆ. ಕೆರೆದುಹೋದ ಜಾಗದ ಡೇಟಾವನ್ನು ಯಾವ ಪ್ರಯೋಗಾಲಯವೂ ಮರಳಿ ತರಲಾರದು.

ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ?

ಧೂಳಿಲ್ಲದ ಕೋಣೆಯಲ್ಲಿ, ಲೋಹದ ಚೂರು ಒಳಗೆ ಬೀಳದಂತೆ ಬೆಸುಗೆಯ ಹೊರ ಮುಚ್ಚಳ ಕತ್ತರಿಸುತ್ತಾರೆ. ಅದರಡಿಯ ಸ್ಕ್ರೂ ಹಾಕಿದ ಒಳ ಮುಚ್ಚಳ ಬಿಚ್ಚುತ್ತಾರೆ. ಹೆಡ್ ಕೆಟ್ಟಿದ್ದರೆ ಅದೇ ಮಾದರಿಯ ಇನ್ನೊಂದು ಒಳ್ಳೆಯ ಡಿಸ್ಕ್‌ನಿಂದ ಹೆಡ್‌ಗಳ ಜೋಡಣೆಯನ್ನೇ ತೆಗೆದು ಕೂರಿಸುತ್ತಾರೆ. ಅಂದರೆ ನಿಮ್ಮ ಡಿಸ್ಕ್ ಉಳಿಸಲು ಇನ್ನೊಂದು ದುಬಾರಿ ಡಿಸ್ಕ್ ಬಲಿಯಾಗುತ್ತದೆ. 10 ತಟ್ಟೆಗಳಿದ್ದರೆ 20 ಹೆಡ್‌ಗಳು. ಒಂದೂ ತಟ್ಟೆಗೆ ತಾಗಬಾರದು.

ನಂತರ ಮತ್ತೆ ಮುಚ್ಚಿ, ಹೀಲಿಯಂ ತುಂಬಿ ಓದಿಸುವುದು ಒಂದು ವಿಧಾನ. ಬಲೂನಿಗೆ ತುಂಬುವ ಹೀಲಿಯಂ ಇದಕ್ಕೆ ನಡೆಯದು. ಅದರಲ್ಲಿ ಗಾಳಿ ಬೆರೆತಿರಬಹುದು, ತೇವ ಇರಬಹುದು. ಕೊನೆಗೆ ಇಡೀ ಡಿಸ್ಕ್ ಅನ್ನು ಇನ್ನೊಂದಕ್ಕೆ ನಕಲು ಮಾಡಬೇಕು. ಸೆಕೆಂಡಿಗೆ 200 ಎಂಬಿ ವೇಗದಲ್ಲಿ ಓದಿದರೂ 16 ಟಿಬಿಗೆ 22 ಗಂಟೆ ಬೇಕು. ಏಟು ತಿಂದ ಡಿಸ್ಕ್ ಆ ವೇಗದಲ್ಲಿ ಓದುವುದಿಲ್ಲ. ದಿನಗಟ್ಟಲೆ ಹಿಡಿಯುತ್ತದೆ.

ಹರಿದಾಡುವ ಸಲಹೆಗಳು

ಫ್ರೀಜರ್‌ನಲ್ಲಿಡುವುದು: ಬೇಡ. ಹೊರತೆಗೆದ ಕೂಡಲೇ ಸರ್ಕ್ಯೂಟ್ ಬೋರ್ಡ್ ಮೇಲೆ ನೀರಿನ ಹನಿ ಕಟ್ಟುತ್ತದೆ. ಬೇರಿಂಗ್‌ನ ಎಣ್ಣೆ ಗಟ್ಟಿಯಾಗುತ್ತದೆ. ಗಾಳಿ ತುಂಬಿದ ಡಿಸ್ಕ್ ಆದರೆ ತೇವ ಒಳಗೂ ಹೋಗುತ್ತದೆ.

ಕುಟ್ಟುವುದು, ಮುಚ್ಚಳ ತೆಗೆಯುವುದು: ಕುಟ್ಟಿದರೆ ಹೆಡ್ ತಟ್ಟೆಗೆ ಬಡಿಯಬಹುದು. ಮನೆಯ ಗಾಳಿಯ ಒಂದು ಧೂಳಿನ ಕಣ ಹೆಡ್ ತೇಲುವ ಎತ್ತರಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ರಿಕವರಿ ಸಾಫ್ಟ್‌ವೇರ್: ಕೈತಪ್ಪಿ ಅಳಿಸಿದ ಫೈಲ್‌ಗೆ ಉಪಯುಕ್ತ. ಆದರೆ ಟಕ್ ಟಕ್ ಸದ್ದು ಮಾಡುವ ಡಿಸ್ಕ್‌ಗೆ ಅಪಾಯಕಾರಿ. ಸ್ಕ್ಯಾನ್ ಮಾಡಿದಷ್ಟೂ ಹೊತ್ತು ಹೆಡ್ ತಟ್ಟೆಯನ್ನು ಕೆರೆಯುತ್ತಿರಬಹುದು.

ಬೋರ್ಡ್ ಬದಲಿಸುವುದು: ಈಗಿನ ಡಿಸ್ಕ್‌ಗಳಲ್ಲಿ ಅಷ್ಟೇ ಸಾಲದು. ಆ ಒಂದು ಡಿಸ್ಕ್‌ಗೇ ಸೇರಿದ ಹೊಂದಾಣಿಕೆಯ ಅಂಕಿಗಳು ಹಳೆ ಬೋರ್ಡ್‌ನ ಚಿಪ್‌ನಲ್ಲಿರುತ್ತವೆ.

ಹಾಗಾದರೆ ಏನು ಮಾಡಬೇಕು?

ವಿಚಿತ್ರ ಸದ್ದು ಬಂದರೆ ಕೂಡಲೇ ಕರೆಂಟು ತೆಗೆಯಿರಿ. ‘ಇನ್ನೊಮ್ಮೆ ನೋಡೋಣ’ ಎಂದು ಮತ್ತೆ ಮತ್ತೆ ಚಾಲೂ ಮಾಡಬೇಡಿ. ರಿಕವರಿಗೆ ಕೊಡುವಾಗ, ಹೀಲಿಯಂ ಡಿಸ್ಕ್ ತೆರೆದು ಹೆಡ್ ಬದಲಿಸುವ ಸೌಲಭ್ಯ ಅವರಲ್ಲೇ ಇದೆಯೇ ಎಂದು ಕೇಳಿ. ಡಿಸ್ಕ್ ನೋಡುವ ಮೊದಲೇ ‘ನೂರಕ್ಕೆ ನೂರು ಗ್ಯಾರಂಟಿ’ ಎನ್ನುವವರನ್ನು ನಂಬಬೇಡಿ. ವಾರಂಟಿಯಲ್ಲಿ ಸಿಗುವುದು ಬದಲಿ ಡಿಸ್ಕ್ ಮಾತ್ರ, ನಿಮ್ಮ ಫೋಟೊಗಳಲ್ಲ.

ಇದಕ್ಕಿಂತ ಅಗ್ಗದ ದಾರಿ ಎರಡನೇ ಪ್ರತಿ. ಕೊಲ್ಹಾರದ ಹಳೆ ಊರು ಇಂದು ಆಲಮಟ್ಟಿ ಜಲಾಶಯದ ಹಿನ್ನೀರಿನಡಿ ಇದೆ. ಅಲ್ಲಿನ ಓಣಿ, ಮನೆ, ಮದುವೆಗಳ ಫೋಟೊ ಯಾರ ಡಿಸ್ಕ್‌ನಲ್ಲಾದರೂ ಇದ್ದರೆ ಅವನ್ನು ಮತ್ತೊಮ್ಮೆ ಹೋಗಿ ತೆಗೆಯಲು ಬರುವುದಿಲ್ಲ. ಅಂಥವು ಎರಡು ಬೇರೆ ಡಿಸ್ಕ್‌ಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇರಲಿ. ಫ್ರೀಜರ್ ಸಲಹೆ ನಿಮ್ಮ ಗುಂಪಿಗೆ ಬಂದರೆ ಅದರ ಬದಲು ಈ ಮಾತನ್ನು ಫಾರ್ವರ್ಡ್ ಮಾಡಿ.