ಸೇಬು ಬೇಡ ಡಾಕ್ಟರೇ, ಪೇರಲ ಬರೆಯಿರಿ

ನಿಪ್ಪಾಣಿಯಲ್ಲಿ ಶುಗರ್ ಇದ್ದವರ ಮನೆಯಲ್ಲಿ ಗುಳಿಗೆ ಡಬ್ಬಿಯ ಕೆಳಗೆ ಡಾಕ್ಟರು ಕೊಟ್ಟ ಪಥ್ಯದ ಚೀಟಿಯೊಂದು ಮಡಚಿಟ್ಟಿರುತ್ತದೆ. ನನ್ನ ಮನೆಯಲ್ಲೂ ಇದೆ. ಬೆಳಿಗ್ಗೆ ಓಟ್ಸ್ ಇಲ್ಲವೇ ಕಾರ್ನ್‌ಫ್ಲೇಕ್ಸ್, ಹನ್ನೊಂದಕ್ಕೆ ಸೇಬು ಇಲ್ಲವೇ ಕಿವಿ, ಸಂಜೆ ಗ್ರೀನ್ ಟೀ. ಇಂಗ್ಲಿಷಿನಲ್ಲಿ ಛಾಪಿಸಿದ ಆ ಚೀಟಿಯಲ್ಲಿ ಜೋಳವಿಲ್ಲ, ಮಡಕಿ ಕಾಳಿಲ್ಲ, ಪೇರಲ ಇಲ್ಲ. ಕಾರ್ನ್‌ಫ್ಲೇಕ್ಸ್ ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುವ ತಿಂಡಿ ಎಂಬುದು ಅದನ್ನು ಬರೆದವರಿಗೂ ಗೊತ್ತಿರಬೇಕು. ಆದರೂ ಚೀಟಿ ಹಾಗೇ ನಡೆದಿದೆ.

ನಾನು ತಂಬಾಕಿನ ವಖಾರಿಯಲ್ಲಿ ದಿವಾಣಜಿಯಾಗಿ ತೂಕ ಬರೆದೇ ಕೂದಲು ಬೆಳ್ಳಗಾದವನು. ಅಂದಾಜಿನ ಲೆಕ್ಕ ನನಗೆ ಒಗ್ಗುವುದಿಲ್ಲ. ಗ್ಲುಕೋಮೀಟರ್ ಜೊತೆಗೆ ಅಡುಗೆಮನೆಗೊಂದು ಸಣ್ಣ ತೂಕದ ಮಷಿನ್ನನ್ನೂ ತಂದೆ. "ಇದೇನ್ರೀ, ಒಲಿ ಮುಂದನೂ ವಖಾರಿ ತೆಗದ್ರೇನು?" ಎಂದಳು ಮನೆಯಾಕೆ.

ಆ ಮಷಿನ್ ಮೇಲೆ 60 ಗ್ರಾಂ ಅವಲಕ್ಕಿ ಇಟ್ಟು ನೋಡಿ. ಒಗ್ಗರಣೆ ಹಾಕಿದರೆ ಒಂದು ಪ್ಲೇಟ್ ಆಗುತ್ತದೆ. ಹಗುರಾದ ತಿಂಡಿ ಎಂದು ನಾವೆಲ್ಲ ಬೆಳಿಗ್ಗೆ ತಿನ್ನುವುದು ಅದನ್ನೇ. ಅದರಲ್ಲಿ ಸುಮಾರು 45 ಗ್ರಾಂ ಪಿಷ್ಟ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 35 ಗ್ರಾಂ. ಅವಲಕ್ಕಿ ತಿಂದು ಎರಡು ತಾಸಿಗೆ ಬೆರಳು ಚುಚ್ಚಿದಾಗ ನನಗೆ 230ರ ಆಸುಪಾಸು ಬರುತ್ತದೆ. ಒಂದು ರೊಟ್ಟಿ, ಒಂದು ವಾಟಗಾ ಮೊಳಕೆ ಬಂದ ಮಡಕಿ ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಚೂರು ಶೇಂಗಾ ಹಿಂಡಿ, ಮೊಸರು ಉಂಡಾಗ 165 ದಾಟುವುದು ಅಪರೂಪ. ಕಾಳಿನ ನಾರು, ಪ್ರೋಟೀನು ಸಕ್ಕರೆಯನ್ನು ನಿಧಾನಕ್ಕೆ ರಕ್ತಕ್ಕೆ ಬಿಡುತ್ತವೆ. ನಿಮ್ಮ ಬೆರಳು ಬೇರೆ ಅಂಕಿ ಹೇಳಬಹುದು, ಚುಚ್ಚಿಯೇ ನೋಡಬೇಕು.

ಹಾಗೆಂದು ಜೋಳ ಔಷಧವಲ್ಲ. "ರೊಟ್ಟಿ ಎಷ್ಟ್ ತಿಂದ್ರೂ ನಡೀತದ" ಎನ್ನುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ನಡೆಯುವುದಿಲ್ಲ, ಮೂರು ರೊಟ್ಟಿಗೆ ನೂರು ಗ್ರಾಂ ಪಿಷ್ಟ ಆಯಿತು. ಅದರಲ್ಲೂ ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ನಾದಿದ ಮುಟಗಿ ಕೈಗೆ ಬಂದರೆ ಎಷ್ಟು ರೊಟ್ಟಿ ಒಳಗೆ ಹೋಯಿತೆಂಬ ಲೆಕ್ಕ ತಿಂದವನಿಗೂ ಸಿಗುವುದಿಲ್ಲ, ಮಾಡಿದವಳಿಗೂ ಸಿಗುವುದಿಲ್ಲ. ಇತ್ತ ರೊಟ್ಟಿಯನ್ನೇ ಬಿಟ್ಟವರೂ ಇದ್ದಾರೆ. ಊರಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು ಕುಂತ ಜಾಗ ಬಿಟ್ಟೇಳದೆ ದುಡಿಯುತ್ತಾರೆ, ಬೆಳಿಗ್ಗೆ ಹೊಟ್ಟೆಗೆ ಚಹಾ-ಟೋಸ್ಟು ಇಲ್ಲವೇ ಚಹಾ-ಖಾರಿ. ಬಡವರ ಊಟವೆಂದು ನಾಚಿಕೊಳ್ಳುವ ನಿನ್ನಿನ ರೊಟ್ಟಿ ಮೈದಾದ ಆ ಟೋಸ್ಟಿಗಿಂತ ನೂರು ಪಾಲು ಮೇಲು. ಹೋಟೆಲಿಗೆ ಹೋದರೆ ಮಿಸಳ ತಗೊಳ್ಳಿ, ಅಡ್ಡಿಯಿಲ್ಲ. ಅದರ ತಳದಲ್ಲಿರುವುದು ಮಡಕಿ ಕಾಳೇ. ಶೇವು ಕಡಿಮೆ ಹಾಕಿಸಿ, ಪಾವ್ ಅರ್ಧಕ್ಕೆ ನಿಲ್ಲಿಸಿ.

ಹಣ್ಣಿನ ವಿಷಯದಲ್ಲಿ ನಮ್ಮವರು ಎರಡು ಪಂಗಡ. ಒಂದು ಹಣ್ಣನ್ನೇ ಬಿಟ್ಟದ್ದು, ಇನ್ನೊಂದು ಜ್ಯೂಸ್ ಆರೋಗ್ಯಕ್ಕೆ ಒಳ್ಳೆಯದೆಂದು ಕುಡಿಯುವುದು. ಎರಡೂ ತಪ್ಪು ದಾರಿ. ಇಡೀ ಹಣ್ಣು ತಿನ್ನುವವರಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ಕಡಿಮೆ, ಹಣ್ಣಿನ ರಸ ಕುಡಿಯುವವರಿಗೆ ಹೆಚ್ಚು ಎಂದು ಅಮೆರಿಕದ ಆರೋಗ್ಯ ಸಿಬ್ಬಂದಿಯ ಮೇಲೆ ನಡೆದ ದೊಡ್ಡ ಅಧ್ಯಯನ 2013ರಲ್ಲೇ ಬಿಎಂಜೆ ಪತ್ರಿಕೆಯಲ್ಲಿ ಬಂದಿದೆ. ನನ್ನ ಮತ ಪೇರಲಕ್ಕೆ. 100 ಗ್ರಾಂ ಪೇರಲದಲ್ಲಿ 9 ಗ್ರಾಂನಷ್ಟು ಸಕ್ಕರೆ, 5 ಗ್ರಾಂನಷ್ಟು ನಾರು. ಸೇಬಿನಲ್ಲಿ ನಾರು ಅದರ ಅರ್ಧ. ಎರಡು ಕಿವಿಯ ದುಡ್ಡಿಗೆ ಸುಗ್ಗಿಯಲ್ಲಿ ಒಂದು ಕಿಲೊ ಪೇರಲ ಬರುತ್ತದೆ. ಬುಟ್ಟಿಯವಳು ಹಣ್ಣು ಸೀಳಿ ಉಪ್ಪು-ಖಾರ ಸವರುವ ಮುಂಚೆ ಕೈ ಅಡ್ಡ ಹಿಡಿಯಬೇಕಷ್ಟೇ, ಬಿ.ಪಿ.ಯೂ ಇದ್ದವರು. ಅಥಣಿ ಕಡೆಯ ದ್ರಾಕ್ಷಿ ಬಂದಾಗ ಹನ್ನೆರಡು-ಹದಿನೈದು ಕಾಳು ಸಾಕು. ಅದೇ ದ್ರಾಕ್ಷಿ ಒಣಗಿ ಮನೂಕ ಆದರೆ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಸಕ್ಕರೆಯೇ, ಅದನ್ನು ಮುಷ್ಟಿಯಲ್ಲಿ ತಿನ್ನಬಾರದು. ಹಾಪೂಸ್ ಮಾವಿನ ಕಾಲದಲ್ಲಿ ಊಟವಾದ ಕೂಡಲೇ ಬೇಡ; ಹೊತ್ತು ಬಿಟ್ಟು ಅರ್ಧ ಹಣ್ಣನ್ನು ಕಚ್ಚಿ ತಿನ್ನಿ. ಸೀಕರಣಿ ಮಾಡಿ ಹೋಳಿಗೆಗೆ ಹಚ್ಚಿಕೊಂಡಿರೋ, ಆ ದಿನ ಮೀಟರ್ ತೆಗೆಯುವ ಧೈರ್ಯ ನಿಮಗೂ ಬರುವುದಿಲ್ಲ. ನೇರಳೆ ಹಣ್ಣು ಧಾರಾಳವಾಗಿ ತಿನ್ನಿ, ಆದರೆ ಅದರ ಬೀಜದ ಪುಡಿ ನಂಬಿ ಗುಳಿಗೆ ಬಿಡಬೇಡಿ. ಕಿಡ್ನಿ ತೊಂದರೆ ಇದ್ದವರು ಬಾಳೆಹಣ್ಣು, ಎಳನೀರಿನ ಬಗ್ಗೆ ಡಾಕ್ಟರನ್ನು ಕೇಳಲೇಬೇಕು.

ಇನ್ನು ಬೆಲ್ಲ. ಸಂಕೇಶ್ವರದ ಹಿರಣ್ಯಕೇಶಿ, ಚಿಕ್ಕೋಡಿಯ ದೂಧಗಂಗಾ, ನಮ್ಮೂರಿನ ಹಾಲಸಿದ್ಧನಾಥ, ಸುತ್ತಲೂ ಸಕ್ಕರೆ ಕಾರ್ಖಾನೆ. ಆಚೆ ಕೊಲ್ಹಾಪುರ ಬೆಲ್ಲದ ಪೇಟೆ. ಈ ಸೀಮೆಯಲ್ಲಿ ಬೆಲ್ಲದ ಮೇಲೆ ಮಾತಾಡುವುದು ದೇವರ ಮೇಲೆ ಮಾತಾಡಿದ ಹಾಗೆ. ಹೆದ್ದಾರಿಯುದ್ದಕ್ಕೂ 'ಗುಳಾಚಾ ಚಹಾ' ಬೋರ್ಡು. "ಕಾಕಾ, ಬೆಲ್ಲದ್ದು, ಶುಗರ್‌ದವ್ರಿಗೂ ನಡೀತದ" ಎಂದು ಹುಡುಗ ಕಪ್ಪು ಮುಂದೆ ಚಾಚುತ್ತಾನೆ. ಬೆಲ್ಲದ ತೂಕದಲ್ಲಿ ಎಂಬತ್ತು ಪಾಲಿಗಿಂತ ಹೆಚ್ಚು ಸಕ್ಕರೆಯೇ. ಅದರಲ್ಲಿರುವ ಚೂರು ಕಬ್ಬಿಣಾಂಶ ಆ ಸಕ್ಕರೆಯನ್ನು ಕರಗಿಸುವುದಿಲ್ಲ. ಒಂದು ದೊಡ್ಡ ಗ್ಲಾಸು ಕಬ್ಬಿನ ಹಾಲಿಗೆ 30 ಗ್ರಾಂ ಸಕ್ಕರೆ ಲೆಕ್ಕ ಹಿಡಿಯಿರಿ. ಕಬ್ಬು ಬೆಳೆದು ಉಣ್ಣುವ ಊರಿನವನಾಗಿಯೇ ಹೇಳುತ್ತೇನೆ: ಶುಗರ್ ಇದ್ದವನಿಗೆ ಬೆಲ್ಲವೂ ಸಕ್ಕರೆಯೇ.

ಏಕಾದಶಿ ಇನ್ನೂ ಕಠಿಣ. ಪಂಢರಪುರದ ವಾರಿ ಮಾಡುವ ಮನೆಗಳು ನಮ್ಮಲ್ಲಿ ಬಹಳ. ಉಪವಾಸವೆಂದರೆ ಸಾಬೂದಾಣಿ ಖಿಚಡಿ, ಗೆಣಸು, ಬಾಳೆಹಣ್ಣು. ಸಾಬೂದಾಣಿ ಎಂದರೆ ಮರಗೆಣಸಿನ ಬರೀ ಪಿಷ್ಟ, ನಾರು ಇಲ್ಲವೇ ಇಲ್ಲ ಎನ್ನಬಹುದು. ಒಬ್ಬರು ಅದನ್ನು ತಿಂದು 300 ಮುಟ್ಟಿಸಿದರೆ, ಇನ್ನೊಬ್ಬರು ಗುಳಿಗೆ ನುಂಗಿ ಏನೂ ತಿನ್ನದೆ ಬೆವತು ಕೂಡುತ್ತಾರೆ. ಸಕ್ಕರೆ 70ರ ಕೆಳಗಿಳಿದರೆ ಉಪವಾಸ ಮುರಿಯಿತೆಂದು ಯೋಚಿಸಬಾರದು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ವಿಠ್ಠಲ ಅಷ್ಟಕ್ಕೆ ಮುನಿಯುವವನಲ್ಲ. ನಮ್ಮ ಮನೆಯಲ್ಲಿ ಈಗ ಏಕಾದಶಿಗೆ ಶೇಂಗಾ, ಮೊಸರು, ಸೌತೆಕಾಯಿ, ಅರ್ಧ ವಾಟಗಾ ಭಗರ ಎಂಬ ಸಿರಿಧಾನ್ಯದ ಅನ್ನ. ಆ ದಿನದ ಗುಳಿಗೆಯ ಪ್ರಮಾಣ ಮಾತ್ರ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಂಡದ್ದು.

ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ದೇಶದ ಸಕ್ಕರೆ ಕಾಯಿಲೆಯವರ ಸಂಖ್ಯೆ ಹತ್ತು ಕೋಟಿ ದಾಟಿದೆ ಎಂದಿತು. ಇಷ್ಟು ಜನಕ್ಕೆ ಓಟ್ಸು, ಕಿವಿ ಕೊಳ್ಳುವ ತಾಕತ್ತಿಲ್ಲ. ಕೊಳ್ಳಲಾಗದವರು ಪಥ್ಯವನ್ನೇ ಕೈಬಿಡುತ್ತಾರೆ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಡಾಕ್ಟರುಗಳಲ್ಲಿ, ಸರಕಾರಿ ಆಸ್ಪತ್ರೆಯವರಲ್ಲಿ ನನ್ನ ಕೋರಿಕೆ ಇಷ್ಟು: ಹೊಸ ಚೀಟಿ ಛಾಪಿಸಿ, ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ಎಷ್ಟು ದೊಡ್ಡ ರೊಟ್ಟಿ, ಎಷ್ಟು ವಾಟಗಾ ಕಾಳು, ಯಾವ ಸುಗ್ಗಿಗೆ ಯಾವ ಹಣ್ಣು ಎಷ್ಟು ಎಂದು ಬರೆಯಿರಿ. ಏಕಾದಶಿಗೊಂದು ಸಾಲು ಇರಲಿ, ಬೆಲ್ಲಕ್ಕೊಂದು ಸಾಲು ದಪ್ಪ ಅಕ್ಷರದಲ್ಲಿ ಇರಲಿ.